ಗಣಿತವೂ ಗೆಳೆತನವೂ

ಎಸ್.ಎಸ್.ಎಲ್.ಸಿ. ಎಂಬ ನಾಲ್ಕು ಅಕ್ಷರಗಳಿಗೆ ನಮ್ಮ ನಾಡಿನ ಬಡಮನೆಗಳಲ್ಲಿ ಇರುವ ತೂಕ ಇನ್ನಾವ ಪರೀಕ್ಷೆಗೂ ಇಲ್ಲ. ಅದರಲ್ಲಿಯೂ ಗಣಿತದ ಪತ್ರಿಕೆಯೆಂದರೆ ಹಲವರಿಗೆ ತುಂಬಿದ ಹೊಳೆ. ಆ ಒಂದು ವಿಷಯದಲ್ಲಿ ನಪಾಸಾದ ಹುಡುಗ ಗಾರೆ ಕೆಲಸಕ್ಕೆ ಹೋಗುತ್ತಾನೆ; ಹುಡುಗಿಯಾದರೆ ಮನೆಯಲ್ಲಿ ಗಂಡು ನೋಡುವ ಮಾತು ಎದ್ದುಬಿಡುತ್ತದೆ. ಆದುದರಿಂದ ಈ ಹೊಳೆಯನ್ನು ದಾಟಿಸುವವರು ಯಾರು ಎಂಬ ಪ್ರಶ್ನೆ ಸಣ್ಣದಲ್ಲ.

ಉಳ್ಳವರ ಮಕ್ಕಳಿಗೆ ಟ್ಯೂಷನ್ ಇದೆ. ಓದಿದವರ ಮಕ್ಕಳಿಗೆ ಮನೆಯಲ್ಲಿಯೇ ಕೇಳಲು ಒಬ್ಬರಿದ್ದಾರೆ. ನಮ್ಮ ಮನೆಯಲ್ಲಿ ಹತ್ತನೆಯ ತರಗತಿಯ ಗಣಿತ ಪುಸ್ತಕವನ್ನು ಮೊದಲು ತೆರೆದವರು ನಾನೇ. ನನ್ನಂಥವರು ಈ ಕಾಲೇಜಿನಲ್ಲಿ ಅನೇಕರಿದ್ದಾರೆ. ರಾತ್ರಿ ಒಂದು ಲೆಕ್ಕ ಬಾರದಿದ್ದರೆ ನಮಗಿದ್ದ ದಿಕ್ಕು ಒಂದೇ: ಪಕ್ಕದ ಬೀದಿಯ ಸಹಪಾಠಿ. ಈ ಸಹಾಯವನ್ನು ಜನ 'ಉಪಕಾರ' ಎನ್ನುತ್ತಾರೆ. ಇದು ಉಪಕಾರವಲ್ಲ, ಕಲಿಕೆಯ ರಾಜಮಾರ್ಗಗಳಲ್ಲಿ ಒಂದು ಎಂಬುದು ನನ್ನ ಅಭಿಪ್ರಾಯ.

ಸಮಾಂತರ ಶ್ರೇಢಿಯ ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಶ್ರೇಢಿಯ ಹತ್ತನೆಯ ಪದ ಬೇಕಾದರೆ ಮೊದಲ ಪದಕ್ಕೆ ಸಾಮಾನ್ಯ ವ್ಯತ್ಯಾಸವನ್ನು ಒಂಬತ್ತು ಸಲ ಕೂಡಬೇಕು. ಸೂತ್ರವನ್ನು ಬಾಯಿಪಾಠ ಮಾಡಿದ ಜಾಣನಿಗೆ ಉತ್ತರ ಬರುತ್ತದೆ. ಆದರೆ ಹಿಂದಿನ ಬೆಂಚಿನ ಗೆಳೆಯ, "ಹತ್ತನೆಯದು ಬೇಕು ಅಂದ ಮೇಲೆ ಒಂಬತ್ತು ಸಲ ಯಾಕೋ?" ಎಂದು ಕೇಳಿದಾಗ ಸೂತ್ರ ಸುಮ್ಮನಾಗುತ್ತದೆ. ಆಗ ಜಾಣನು ಹೊಲದ ಬೇಲಿಯನ್ನು ತೋರಿಸಬೇಕಾಗುತ್ತದೆ: ಹತ್ತು ಕಲ್ಲುಕಂಬ ನೆಟ್ಟರೆ ನಡುವಣ ಅಂತರಗಳು ಒಂಬತ್ತೇ. ಕೇಳಿದವನಿಗೆ ಅರ್ಥವಾಯಿತು, ಹೇಳಿದವನಿಗೆ ಅದು ಮತ್ತೆಂದೂ ಮರೆಯದಂತಾಯಿತು. ಲಾಭ ಯಾರದು ಹೆಚ್ಚು?

ಈ ವಿಚಾರ ಹೊಸದೇನೂ ಅಲ್ಲ. ನಮ್ಮ ಹಳೆಯ ಕೂಲಿಮಠಗಳಲ್ಲಿ ಅಯ್ಯನವರು ಒಬ್ಬರೇ ಇರುತ್ತಿದ್ದರು. ಮುಂದುವರಿದ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. 1823ರಲ್ಲಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ತನ್ನ ಜಿಲ್ಲೆಯ 533 ಶಾಲೆಗಳ ಬಗ್ಗೆ ಮದರಾಸು ಸರ್ಕಾರಕ್ಕೆ ಬರೆದ ವರದಿಯಲ್ಲಿ ಈ ಪದ್ಧತಿಯನ್ನು ಮನಸಾರೆ ಹೊಗಳಿದ್ದಾನೆ. ಹೇಳಿಕೊಡುವ ಹುಡುಗನ ಜ್ಞಾನವೂ ಇದರಿಂದ ಗಟ್ಟಿಯಾಗುತ್ತದೆ ಎಂಬುದನ್ನು ಅವನು ಗುರುತಿಸಿದ್ದನು. ಅದಕ್ಕೂ ಮೊದಲು ಮದರಾಸಿನ ಅನಾಥಾಲಯದಲ್ಲಿ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇದೇ ಕ್ರಮವನ್ನು ಬಳಸಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದನು. ಅಲ್ಲಿ ಅದು 'ಮದರಾಸು ಪದ್ಧತಿ' ಎಂದೇ ಹೆಸರಾಯಿತು. ಆ ಮಠಗಳಲ್ಲಿ ನಮ್ಮಂಥ ಮನೆಗಳ ಮಕ್ಕಳಿಗೆ ಎಷ್ಟು ಜಾಗವಿತ್ತು ಎಂಬುದು ಬೇರೆ ಮಾತು. ಪದ್ಧತಿ ಒಳ್ಳೆಯದು, ಅದನ್ನು ಎಲ್ಲರದನ್ನಾಗಿ ಮಾಡುವ ಕೆಲಸ ನಮ್ಮದು.

ಇದಕ್ಕೆ ಆಕ್ಷೇಪಣೆಗಳು ಇಲ್ಲದಿಲ್ಲ. ಜಾಣನ ಕಾಲ ಹಾಳಾಗುತ್ತದೆ ಎನ್ನುವವರಿಗೆ ಮೇಲೆಯೇ ಉತ್ತರ ಹೇಳಿದ್ದೇನೆ. ಇನ್ನೊಂದು ಆಕ್ಷೇಪಣೆ ತೂಕದ್ದು: ಕುರುಡನ ಕೈ ಕುರುಡ ಹಿಡಿದಂತೆ ತಪ್ಪು ಕ್ರಮವೇ ಹತ್ತು ಜನರಿಗೆ ಹರಡಬಹುದು. ನಿಜ. ಅದಕ್ಕಾಗಿಯೇ ಗುಂಪಿನ ನಡುವೆ ಪಠ್ಯಪುಸ್ತಕ ತೆರೆದಿರಬೇಕು. ಬಗೆಹರಿಯದ ಲೆಕ್ಕಗಳನ್ನು ಗುರುತು ಹಾಕಿಕೊಂಡು ಮರುದಿನ ಮೇಷ್ಟ್ರ ಮುಂದೆ ಇಡಬೇಕು. ಗೆಳೆಯ ಗುರುವಿನ ಬದಲಿಯಲ್ಲ. ಗುರುವಿನ ಬಳಿಗೆ ಹೋಗಲು ಧೈರ್ಯ ಕೊಡುವವನು.

ಸಹಾಯದ ಹೆಸರಿನಲ್ಲಿ ನಡೆಯುವುದೆಲ್ಲ ಸಹಾಯವಲ್ಲ ಎಂಬುದನ್ನೂ ಹೇಳಬೇಕು. ಬಿಡಿಸಿದ ಲೆಕ್ಕವನ್ನು ನಕಲು ಮಾಡಲು ಕೊಡುವುದು, 'ಇಂಪಾರ್ಟೆಂಟ್' ಎಂದು ಐದು ಪ್ರಶ್ನೆಗಳನ್ನು ಗುರುತಿಸಿ ಉಳಿದುದನ್ನು ಬಿಡಿಸುವುದು, ಪರೀಕ್ಷಾ ಕೊಠಡಿಯಲ್ಲಿ ಚೀಟಿ ದಾಟಿಸುವುದು, ಇವೆಲ್ಲ ಗೆಳೆತನದ ವೇಷ ತೊಟ್ಟ ಶತ್ರುತ್ವ. 2024ರಲ್ಲಿ ಕೊಠಡಿಗಳಿಗೆ ಕ್ಯಾಮೆರಾ ಕಾವಲು ಬಂದ ವರ್ಷ ರಾಜ್ಯದ ಎಸ್.ಎಸ್.ಎಲ್.ಸಿ. ಫಲಿತಾಂಶ ಶೇಕಡಾ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕಗಳನ್ನು ಹೆಚ್ಚಿಸಿದ ಮೇಲೆ. ಆ ಇಳಿತಕ್ಕೆ ಕಾರಣಗಳು ಹಲವಿರಬಹುದು. ಆದರೆ ಕೊಠಡಿಯೊಳಗಿನ 'ಸಹಾಯ'ವನ್ನು ನಂಬಿ ಕೂತವರ ಗತಿಯೇನು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಡಿಸೆಂಬರಿನಲ್ಲಿ ದೊರೆಯಬೇಕಾದ ಸಹಾಯ ಪರೀಕ್ಷೆಯ ದಿನ ದೊರೆತರೆ ಫಲವಿಲ್ಲ.

ಇನ್ನೊಂದು ಸಂಗತಿಯತ್ತ ಮಿತ್ರರ ಗಮನ ಸೆಳೆಯಬೇಕಾಗಿದೆ. ಈಗ ನಪಾಸಾದವರು ಅದೇ ವರ್ಷ ಮತ್ತೆ ಪರೀಕ್ಷೆಗೆ ಕೂರಬಹುದು. ಒಳ್ಳೆಯ ಏರ್ಪಾಡೇ ಸರಿ. ಆದರೆ ಅಷ್ಟು ಹೊತ್ತಿಗೆ ಶಾಲೆಯ ಗುಂಪು ಚದುರಿರುತ್ತದೆ. ಪಾಸಾದವರು ಪಿ.ಯು.ಸಿ. ಅರ್ಜಿ ಹಿಡಿದು ಓಡಾಡುತ್ತಿರುತ್ತಾರೆ. ಸಹಾಯ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರು ಒಬ್ಬಂಟಿಯಾಗಿ, ನಾಚಿಕೆಯಿಂದ ತಲೆತಗ್ಗಿಸಿ, ಅದೇ ಪುಸ್ತಕದ ಮುಂದೆ ಕೂತಿರುತ್ತಾರೆ. ಅವಕಾಶ ಕೊಟ್ಟರೆ ಸಾಲದು, ಜೊತೆಯೂ ಬೇಕು.

ಇಲ್ಲಿ ನಮ್ಮ ಕಾಲೇಜಿಗೆ ಕೆಲಸವಿದೆ. ನಾವು ಕಲಾ ವಿಭಾಗದವರು, ಗಣಿತ ನಮಗೇಕೆ ಎನ್ನಬೇಡಿ. ಹತ್ತನೆಯ ತರಗತಿಯ ಗಣಿತವನ್ನು ದಾಟಿಯೇ ನಾವೆಲ್ಲ ಇಲ್ಲಿಗೆ ಬಂದದ್ದು. ಅದನ್ನು ಹೆದರಿಕೊಂಡೇ ದಾಟಿದವರಿಗೆ ಹೆದರಿದವರ ಕಷ್ಟ ಚೆನ್ನಾಗಿ ತಿಳಿಯುತ್ತದೆ. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯವರು ಶಿಬಿರಗಳಲ್ಲಿ ಚರಂಡಿ ಶುಚಿ ಮಾಡುತ್ತಾರೆ, ಗಿಡ ನೆಡುತ್ತಾರೆ, ಸಂತೋಷ. ಅದರ ಜೊತೆಗೆ ಫಲಿತಾಂಶ ಬಂದ ವಾರದಿಂದ ಮರುಪರೀಕ್ಷೆಯವರೆಗೆ ಪ್ರತಿ ಸಂಜೆ ಒಂದು ತಾಸು, ತಂತಮ್ಮ ಊರಿನ ಶಾಲೆಯ ಜಗುಲಿಯ ಮೇಲೆ ಇಬ್ಬಿಬ್ಬರು ಕೂತರೆ ಸಾಕು. ಮಾನ್ಯ ಅಧ್ಯಾಪಕರು ಇದಕ್ಕೊಂದು ರೂಪ ಕೊಡಬೇಕೆಂದು ವಿನಂತಿಸುತ್ತೇನೆ. ಖರ್ಚು ಒಂದು ಸೀಮೆಸುಣ್ಣದ ಡಬ್ಬಿಯಷ್ಟು.

ಮಿತ್ರರೇ, ಮೊದಲ ಬಾರಿಗೆ ಪದವಿ ಕಾಣುತ್ತಿರುವ ಮನೆಗಳಿಂದ ಬಂದವರು ನಾವು. ನಮ್ಮ ಹಿಂದೆ ಆ ದಡದಲ್ಲಿ ನಿಂತಿರುವವರು ನಮ್ಮ ತಮ್ಮ ತಂಗಿಯರೇ. ದೋಣಿಯನ್ನು ಈ ದಡದಲ್ಲಿ ಕಟ್ಟಿಹಾಕುವುದು ಬೇಡ.