ರಥವೊ, ಸಾರಥಿಯೊ?

ನಮ್ಮ ಇಂದೂರಿನ ತರುಣರಲ್ಲಿ ಈಚೆಗೆ ಒಂದು ವಾದವು ಹುಟ್ಟಿಕೊಂಡಿದ್ದು, ಅದು ಇನ್ನೂ ತೀರಿಲ್ಲ. ಫಾರ್ಮ್ಯುಲಾ ಒನ್ ಎಂಬ ಮೋಟಾರು ಶರ್ಯತ್ತಿನಲ್ಲಿ ಇಂಗ್ಲಂಡದ ಲೂಯಿಸ್ ಹ್ಯಾಮಿಲ್ಟನ್ನರು ದೊಡ್ಡವರೊ, ಹಾಲೆಂಡದ ಮ್ಯಾಕ್ಸ್ ವರ್ಸ್ಟಾಪನ್ನರು ದೊಡ್ಡವರೊ ಎಂಬುದೇ ಆ ವಾದ. ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಇದನ್ನೆಲ್ಲ ನೋಡಿ, ಎರಡು ಪಕ್ಷಗಳಾಗಿ, ಒಬ್ಬರ ಮುಖ ಒಬ್ಬರು ನೋಡದಷ್ಟರ ಮಟ್ಟಿಗೆ ಹೋಗಿದ್ದಾರೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಈ ಪುಟದ ಮೂಲಕ ನಮ್ಮ ತೀರ್ಪನ್ನು ತಿಳಿಸಬೇಕೆಂದು ಬರೆದು ಕೇಳಿರುವನು. ಸಂಸ್ಕೃತ ಕಲಿಸಿದ ಮಾಸ್ತರರಿಗೆ ಮೋಟಾರಿನ ಗೊಡವೆ ಯಾಕೆಂದು ವಾಚಕರು ನಗಬಹುದು. ಆದರೆ ರಥದ ಮಾತು ಬಂದಲ್ಲಿ ನಮ್ಮ ಹಳೆಯ ಗ್ರಂಥಗಳಿಗೆ ಹೇಳುವದು ಬಹಳ ಇರುತ್ತದೆ. ಮೇಲಾಗಿ ಈ ಶರ್ಯತ್ತುಗಳನ್ನು ನಾವೂ ಬಹಳ ವರ್ಷಗಳಿಂದ ಆಸ್ಥೆಯಿಂದ ನೋಡುತ್ತ ಬಂದಿದ್ದೇವೆ.

ನೋಡದವರ ಸಲುವಾಗಿ ಎರಡು ಮಾತು. ಈ ಜಾತಿಯ ಮೋಟಾರುಗಳಲ್ಲಿ ಒಬ್ಬನೇ ಕೂಡ್ರುವನು. ನಾಲ್ಕೂ ಗಾಲಿಗಳು ನಮ್ಮ ಚಕ್ಕಡಿಯ ಗಾಲಿಗಳಂತೆ ಮೈಯಿಂದ ಹೊರಗೆ ಚಾಚಿಕೊಂಡಿರುತ್ತವೆ, ಅವುಗಳ ಮೇಲೆ ತಗಡಿನ ಮುಚ್ಚಿಗೆ ಇರುವದಿಲ್ಲ. ಅಪಾಯವೆಲ್ಲ ಇಲ್ಲಿಯೇ. ಓಡುವ ಗಾಲಿಯ ಹಿಂಬದಿಯು ಮೇಲ್ಮುಖವಾಗಿ ತಿರುಗುತ್ತಿರುವದರಿಂದ, ಹಿಂದೆ ಬಂದ ಗಾಡಿಯ ಮುಂಗಾಲಿಯು ಅದನ್ನು ಮುಟ್ಟಿತೆಂದರೆ ಆ ಗಾಡಿಯನ್ನೇ ಗಾಳಿಗೆ ಎತ್ತಿ ಒಗೆಯುವದು. 2018ರಿಂದ ಫಾರ್ಮ್ಯುಲಾ ಒನ್ ಗಾಡಿಗಳಿಗೆ ಚಾಲಕನ ತಲೆಯ ಸುತ್ತ ಹೇಲೊ ಎಂಬ ಲೋಹದ ಬಳೆಯನ್ನು ಕಡ್ಡಾಯವಾಗಿ ಕೂಡ್ರಿಸಿದರು. 2020ರ ನವೆಂಬರದಲ್ಲಿ ಬಹರೈನದಲ್ಲಿ ರೊಮೇನ್ ಗ್ರೋಷಾನರ ಗಾಡಿಯು ತಡೆಗೋಡೆಯನ್ನು ಸೀಳಿ ಎರಡು ತುಂಡಾಗಿ ಉರಿದಾಗ, ಅವರು ಬೆಂಕಿಯೊಳಗಿಂದ ತಾವೇ ಎದ್ದು ಬಂದದ್ದು ಆ ಬಳೆಯ ಪುಣ್ಯದಿಂದ. ಮೊದಮೊದಲು ಅದನ್ನು ವಿರೂಪವೆಂದು ಹಳಿದವರಲ್ಲಿ ಗ್ರೋಷಾನರೂ ಒಬ್ಬರಾಗಿದ್ದರು.

ಇನ್ನು ಮೂಲ ಪ್ರಶ್ನೆ. ನಮ್ಮ ಕಡೆಯ ಖಾಲಿ ಚಕ್ಕಡಿಯ ಶರ್ಯತ್ತಿನಲ್ಲಿ ಬಹುಮಾನ ಬಂದಾಗ ಜನರು ಕೊಂಡಾಡುವದು ಎತ್ತಿನ ಜೋಡಿಯನ್ನು. ಎತ್ತುಗಳ ಹೆಸರು ಊರೂರಿಗೆ ಹಬ್ಬುವದು, ಅವುಗಳ ಕೊರಳಿಗೆ ಹಾರ ಬೀಳುವದು; ಹಗ್ಗ ಹಿಡಿದು ನಿಂತವನು ಯಾರೆಂದು ಕೇಳುವವರು ಕಡಿಮೆ. ಮೋಟಾರಿನ ಶರ್ಯತ್ತಿನಲ್ಲಿ ಇದಕ್ಕೆ ತೀರ ವಿಪರೀತ. ಅಲ್ಲಿ ಎತ್ತು ಗೆದ್ದರೂ ಹಾರವು ಹಗ್ಗ ಹಿಡಿದವನಿಗೇ! ನಮ್ಮ ತರುಣರ ವಾದದ ಗೊಂದಲವೆಲ್ಲ ಇದರಿಂದ ಹುಟ್ಟಿದೆಯೆಂದು ನಾವು ತಿಳಿಯುತ್ತೇವೆ.

ಮಹಾಭಾರತದ ನಲೋಪಾಖ್ಯಾನದಲ್ಲಿ ಇದಕ್ಕೆ ಒಂದು ಅಳತೆಗೋಲು ಇದೆ. ರಾಜ್ಯ ಕಳೆದುಕೊಂಡ ನಳನು ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನಲ್ಲಿ ಸಾರಥಿಯಾಗಿರುವನು. ದಮಯಂತಿಯ ಸ್ವಯಂವರಕ್ಕೆ ಒಂದೇ ದಿವಸದಲ್ಲಿ ವಿದರ್ಭವನ್ನು ಮುಟ್ಟಬೇಕಾದಾಗ ಬಾಹುಕನು ಆರಿಸಿದ್ದು ಬಡಕಲು ಕುದುರೆಗಳನ್ನು. ಅರಸನಿಗೆ ಸಿಟ್ಟೇ ಬಂದಿತು. ಆದರೆ ದಾರಿಯಲ್ಲಿ ಅರಸನ ಉತ್ತರೀಯ ಜಾರಿ ಬಿದ್ದು, ಅವನು ನಿಲ್ಲಿಸೆಂದು ಹೇಳುವಷ್ಟರಲ್ಲಿ ಅದು ಒಂದು ಯೋಜನದಷ್ಟು ಹಿಂದೆ ಉಳಿದಿತ್ತು. ರಥವು ವಿದರ್ಭವನ್ನು ಹೊಕ್ಕಾಗ, ಅದರ ಘೋಷವನ್ನು ಕೇಳಿಯೇ ದಮಯಂತಿಯು ನಳನು ಬಂದನೆಂದು ಊಹಿಸಿದಳು. ರಥವು ಪರರದು, ಕುದುರೆಗಳು ಪರರವು, ರೂಪವೂ ಬೇರೆ. ಕೈ ಮಾತ್ರ ನಳನದು. ಸಾರಥಿಯ ಯೋಗ್ಯತೆಯನ್ನು ತಿಳಿಯಬೇಕಾದರೆ ಅವನನ್ನು ಬೇರೆಯವರ ರಥದಲ್ಲಿ ಕೂಡ್ರಿಸಿ ನೋಡಬೇಕು.

ಫಾರ್ಮ್ಯುಲಾ ಒನ್ ಶರ್ಯತ್ತಿನಲ್ಲಿ ಪ್ರತಿಯೊಂದು ತಂಡವೂ ತನ್ನ ಗಾಡಿಯನ್ನು ತಾನೇ ರೂಪಿಸುವದರಿಂದ ಈ ಪರೀಕ್ಷೆಗೆ ಅವಕಾಶವು ಅಪರೂಪ. 2023ರಲ್ಲಿ ನಡೆದ 22 ಶರ್ಯತ್ತುಗಳಲ್ಲಿ ರೆಡ್ ಬುಲ್ ಗಾಡಿಯು 21 ಗೆದ್ದಿತು. ಅವುಗಳಲ್ಲಿ ವರ್ಸ್ಟಾಪನ್ನರು ಗೆದ್ದವು 19. ಇದರಲ್ಲಿ ಎತ್ತಿನ ಪಾಲೆಷ್ಟು, ಕೈಯ ಪಾಲೆಷ್ಟು? ಅಪರೂಪದ ಪರೀಕ್ಷೆಯೊಂದು 2020ರ ಡಿಸೆಂಬರದಲ್ಲಿ ತಾನಾಗಿಯೇ ಒದಗಿತು. ಹ್ಯಾಮಿಲ್ಟನ್ನರಿಗೆ ಕೊರೋನಾ ತಗಲಿದ್ದರಿಂದ ಬಹರೈನದ ಸಾಖೀರ್ ಶರ್ಯತ್ತಿಗೆ ಅವರ ಮರ್ಸಿಡಿಸ್ ಗಾಡಿಯಲ್ಲಿ ಜಾರ್ಜ್ ರಸೆಲ್ ಎಂಬ 22 ವರ್ಷದ ತರುಣನು ಕುಳಿತನು. ಅಲ್ಲಿಯ ತನಕ ವಿಲಿಯಮ್ಸ್ ತಂಡದ ಹಿಂದುಳಿದ ಗಾಡಿಯನ್ನು ಎರಡು ವರ್ಷ ಓಡಿಸಿ ಅವನು ಗಳಿಸಿದ ಅಂಕಗಳು ಸೊನ್ನೆ. ಅದೇ ಹುಡುಗನು ಇಲ್ಲಿ, ನಾಲ್ಕು ವರ್ಷಗಳಿಂದ ಆ ತಂಡದಲ್ಲಿದ್ದ ಬೊಟ್ಟಾಸರಿಗಿಂತ ಒಂದು ಸೆಕೆಂದಿನ ಸಾವಿರದ 26 ಭಾಗದಷ್ಟು ಮಾತ್ರ ಹಿಂದೆ ಎರಡನೆಯ ಸ್ಥಾನ ಪಡೆದು, ಶರ್ಯತ್ತು ಹೊರಟ ಕೂಡಲೆ ಎಲ್ಲರಿಗಿಂತ ಮುಂದಾದನು. ಕೊನೆಗೆ ತಂಡದವರು ಬೊಟ್ಟಾಸರ ಟಾಯರುಗಳನ್ನು ಇವನ ಗಾಡಿಗೆ ತೊಡಿಸಿ ಎಡವಟ್ಟು ಮಾಡಿದರು, ಮೇಲೆ ಒಂದು ಟಾಯರು ತೂತಾಯಿತು, ಒಂಬತ್ತನೆಯವನಾಗಿ ಮುಗಿಸಿದನು. ಹಾಗಾದರೆ ಆ ಎರಡು ವರ್ಷ ಅವನು ದಡ್ಡನಾಗಿದ್ದನೇ? ಅಂಕಪಟ್ಟಿಯನ್ನಷ್ಟೇ ನೋಡಿ ಹುಡುಗರ ಬುದ್ಧಿಯನ್ನು ಅಳೆಯುವವರು ಶಾಲೆಗಳಲ್ಲಿಯೂ ಇದ್ದಾರೆ.

ಈ ಅಳತೆಯಿಂದ ಹಳಬರಲ್ಲಿ ನಾವು ಮೊದಲನೆಯ ಮಣೆ ಹಾಕುವದು ಅರ್ಜೆಂಟೈನಾದ ಹುವಾನ್ ಮ್ಯಾನುಯೆಲ್ ಫ್ಯಾಂಜಿಯೊ ಅವರಿಗೆ. 1951ರಿಂದ 1957ರ ವರೆಗೆ ಅವರು ಐದು ಸಲ ಜಗದ್ವಿಜೇತರಾದರು. ಅದೂ ಆಲ್ಫಾ ರೋಮಿಯೊ, ಮರ್ಸಿಡಿಸ್, ಫೆರಾರಿ, ಮಾಸೆರಾಟಿ ಎಂಬ ನಾಲ್ಕು ಬೇರೆ ಬೇರೆ ಕಾರ್ಖಾನೆಗಳ ಗಾಡಿಗಳಲ್ಲಿ. ಈಗಿನವರಲ್ಲಿ ಸ್ಪೇನದ ಅಲೊನ್ಸೊ ಅವರ ಮೇಲೆ ನಮಗೆ ಹೆಚ್ಚಿನ ಪ್ರೀತಿ. 2012ರಲ್ಲಿ ಕಡಿಮೆ ದರ್ಜೆಯ ಫೆರಾರಿಯನ್ನು ಓಡಿಸಿ, ವೆಟ್ಟೆಲ್ಲರ ರೆಡ್ ಬುಲ್ಲಿಗೆ ಕೇವಲ ಮೂರು ಅಂಕಗಳಿಂದ ಸೋತರು. ಆ ಸೋಲು ಅನೇಕರ ಗೆಲವಿಗಿಂತ ತೂಕದ್ದು. ವೆಟ್ಟೆಲ್ಲರು ಗ್ರೇಟರ್ ನೋಯ್ಡಾದಲ್ಲಿ 2011ರಿಂದ 2013ರ ವರೆಗೆ ನಡೆದ ಮೂರೂ ಭಾರತೀಯ ಶರ್ಯತ್ತುಗಳನ್ನು ಗೆದ್ದವರು, ನಮ್ಮ ಜನರಿಗೆ ಬೇಕಾದವರು. ಆದರೂ ನಾವು ಅವರನ್ನು ಅಲೊನ್ಸೊ ಅವರ ಕೆಳಗೆ ಇರಿಸುತ್ತೇವೆ.

ಹ್ಯಾಮಿಲ್ಟನ್–ವರ್ಸ್ಟಾಪನ್ ವ್ಯಾಜ್ಯಕ್ಕೆ ಬರೋಣ. ಒಂದೇ ತಂಡದ ಇಬ್ಬರು ಒಂದೇ ಬಗೆಯ ಗಾಡಿಯನ್ನು ಓಡಿಸುವದರಿಂದ, ಜೊತೆಗಾರನೊಡನೆ ಹೋಲಿಸುವದು ನ್ಯಾಯವಾದ ದಾರಿ. ಹ್ಯಾಮಿಲ್ಟನ್ನರು 2007ರಲ್ಲಿ ಕಾಲಿಟ್ಟ ಮೊದಲ ವರ್ಷವೇ, ಎರಡು ಸಲ ಜಗದ್ವಿಜೇತರಾಗಿದ್ದ ಅಲೊನ್ಸೊ ಅವರೊಡನೆ ಸರಿಸಮವಾಗಿ 109 ಅಂಕ ಗಳಿಸಿದರು. 2008ರಲ್ಲಿ ಸಿಲ್ವರ್‌ಸ್ಟೋನದ ಮಳೆಯಲ್ಲಿ ಎರಡನೆಯವನನ್ನು ಒಂದು ನಿಮಿಷಕ್ಕೂ ಹೆಚ್ಚು ಹಿಂದೆ ಬಿಟ್ಟು ಗೆದ್ದರು. ಮಳೆಯು ಇಂಜಿನ್ನಿನ ಬಲವನ್ನು ಕುಗ್ಗಿಸಿ ಕೈಯ ಕುಶಲತೆಯನ್ನು ಬಯಲಿಗೆಳೆಯುವದು. ಇನ್ನು ವರ್ಸ್ಟಾಪನ್ನರು 2024ರಲ್ಲಿ ಬ್ರಾಝಿಲದ ಮಳೆಯಲ್ಲಿ 17ನೆಯ ಸ್ಥಾನದಿಂದ ಹೊರಟು ಮೊದಲನೆಯವರಾದರು. ಆ ವರ್ಷ ಅವರು ಜಗದ್ವಿಜೇತರಾದರೆ, ಅದೇ ಗಾಡಿಯನ್ನು ಹಿಡಿದ ಪೆರೆಜ್ ಅವರು ಎಂಟನೆಯವರು. ಕೈಯ ಕುಶಲತೆಯೊಂದನ್ನೇ ತೂಗಿದರೆ ತಕ್ಕಡಿಯು ವರ್ಸ್ಟಾಪನ್ನರ ಕಡೆಗೆ ಎಳ್ಳಿನಷ್ಟು ವಾಲುವದು. ಆದರೆ ಶಾಲೆಯಲ್ಲಿ ನಡತೆಗೂ ಅಂಕಗಳಿದ್ದವು. 2025ರ ಜೂನಿನಲ್ಲಿ ಬಾರ್ಸಿಲೋನಾದಲ್ಲಿ ಅವರು ರಸೆಲ್ಲರ ಗಾಡಿಗೆ ಹಾಯ್ದು, ಹತ್ತು ಸೆಕೆಂದುಗಳ ದಂಡ ತೆತ್ತು ಐದರಿಂದ ಹತ್ತನೆಯ ಸ್ಥಾನಕ್ಕೆ ಇಳಿದದ್ದನ್ನು ನೋಡಿದ ಮೇಲೆ, ನಮ್ಮ ದಾಖಲೆ ಪುಸ್ತಕದಲ್ಲಿ ಹ್ಯಾಮಿಲ್ಟನ್ನರೇ ಮೇಲೆ ಉಳಿದರು. ಎದುರು ಪಕ್ಷದವರು ಕ್ಷಮಿಸಬೇಕು.

ಎಲ್ಲರಿಗೂ ಒಂದೇ ಬಗೆಯ ರಥವನ್ನು ಕೊಡುವ ಶರ್ಯತ್ತುಗಳೂ ಇವೆ. ನಮ್ಮ ತರುಣರು ಅವುಗಳ ಕಡೆಗೆ ಕಣ್ಣೆತ್ತಿ ಸಹ ನೋಡುವದಿಲ್ಲ. ಅಮೇರಿಕೆಯ ಇಂಡಿಕಾರಿನಲ್ಲಿ ಮೈಯೆಲ್ಲ ಇಟಲಿಯ ಡಲ್ಲಾರಾ ಎಂಬವರದು, ಇಂಜಿನ್ನು ಮಾತ್ರ ಎರಡು ಬಗೆಯದು. ಅಲ್ಲಿ ಸ್ಪೇನದ ಅಲೆಕ್ಸ್ ಪಲೌ ಎಂಬವರು 2021, 2023, 2024, 2025 ಹೀಗೆ ನಾಲ್ಕು ಸಲ ಅಗ್ರಸ್ಥಾನ ಪಡೆದಿದ್ದಾರೆ. ಇದು ಗಾಡಿಯ ಪ್ರತಾಪವೆಂದು ಯಾರೂ ಹೇಳಲಾರರು. 1911ರಲ್ಲಿ ಮೊದಲಾದ ಇಂಡಿಯಾನಾಪೊಲಿಸ್ಸಿನ 500 ಮೈಲಿಯ ಶರ್ಯತ್ತು ಇದೇ ವರ್ಗದ್ದು. ಅಲ್ಲಿ ಗೆದ್ದವರು ಹಾಲು ಕುಡಿಯುವ ಸಂಪ್ರದಾಯವಿದೆ. ಅದರ ಮೂಲವು, 1936ರಲ್ಲಿ ಗೆದ್ದ ಲೂಯಿ ಮೇಯರ್ ಎಂಬವರು ದಣಿವಾರಿಸಿಕೊಳ್ಳಲು ಕುಡಿದ ಮಜ್ಜಿಗೆ! ನಮ್ಮ ಮನೆಗಳ ಹೆಣ್ಣುಮಕ್ಕಳು ಇದನ್ನು ಕೇಳಿ ಸಂತೋಷಪಡುವರು.

ಯುರೋಪಿನಲ್ಲಿ ಫಾರ್ಮ್ಯುಲಾ ಒನ್ನಿಗೆ ಕೆಳಗಿನ ಮೆಟ್ಟಿಲು ಫಾರ್ಮ್ಯುಲಾ ಟೂ. ಮೈ ಡಲ್ಲಾರಾ, ಇಂಜಿನ್ನು ಮೆಕಾಕ್ರೋಮ್, ಟಾಯರು ಪಿರೆಲ್ಲಿ: ಎಲ್ಲರಿಗೂ ಅದೇ. ನಮ್ಮ ನಾಡಿನ ಹುಡುಗರ ಕಥೆಯು ಬರುವದು ಇಲ್ಲಿಯೇ. ಬೆಂಗಳೂರಿನ ಯಂತ್ರೋದ್ಯಮಿಗಳ ಮನೆತನದ ಅರ್ಜುನ ಮೈನಿ, ಕುಶ ಮೈನಿ ಸಹೋದರರು ಈ ಮೆಟ್ಟಿಲನ್ನು ಹತ್ತಿದವರು. ಅಣ್ಣನು 2018ರಲ್ಲಿ ಇಲ್ಲಿ ಓಡಿಸಿ, ತರುವಾಯ ಜರ್ಮನಿಯ ಮುಚ್ಚುಗಾಲಿಯ ಶರ್ಯತ್ತುಗಳಿಗೆ ಹೊರಳಿದರು. ತಮ್ಮನು 2023ರಿಂದ ಇಲ್ಲಿ ಬೆವರಿಳಿಸಿದರು. 2024ರಲ್ಲಿ ಹಂಗೇರಿಯ ಕಿರುಶರ್ಯತ್ತಿನಲ್ಲಿ ಮೊದಲು ಬಂದವರು ಅನರ್ಹರಾದ್ದರಿಂದ ಅವರಿಗೆ ಪ್ರಥಮ ವಿಜಯವು ದೊರೆಯಿತು. 2025ರ ಮೇ ತಿಂಗಳಲ್ಲಿ ಮೊನಾಕೊದ ಇಕ್ಕಟ್ಟು ಬೀದಿಗಳ ಕಿರುಶರ್ಯತ್ತನ್ನು ಅವರು ಮೊದಲಿನಿಂದ ಕೊನೆಯ ವರೆಗೆ ಮುಂದಿದ್ದು ಗೆದ್ದರು. ಆ ಊರಿನಲ್ಲಿ ನಮ್ಮ ರಾಷ್ಟ್ರಗೀತವು ಮೊಳಗಿತು.

ಅಭಿಮಾನವು ನಮಗೂ ಇದೆ. ಆದರೆ ಪರರಿಗೆ ಹಿಡಿದ ಅಳತೆಗೋಲನ್ನು ನಮ್ಮವರಿಗೂ ಹಿಡಿಯಬೇಕಷ್ಟೆ. ಕಿರುಶರ್ಯತ್ತಿನಲ್ಲಿ ಅರ್ಹತೆಯ ಮೊದಲ ಹತ್ತು ಜನರ ಸಾಲನ್ನು ತಿರುವುಮುರುವು ಮಾಡಿ ನಿಲ್ಲಿಸುವರು. ಹತ್ತನೆಯವರಾಗಿದ್ದ ಕುಶರು ಆದ್ದರಿಂದ ಮೊನಾಕೊದಲ್ಲಿ ಎಲ್ಲರಿಗಿಂತ ಮುಂದೆ ನಿಂತರು. ಅಲ್ಲಿ ಹಿಂದಿನವರು ದಾಟಿ ಬರುವದೂ ಬಲು ಕಷ್ಟ. ಗೋಡೆಗಳ ನಡುವೆ 30 ಸುತ್ತು ತಪ್ಪದೆ ಓಡಿಸಿದ್ದು ಅವರ ಸ್ವಂತದ ಗಳಿಕೆ, ಅದನ್ನು ಯಾರೂ ಕಸಿಯಲಾರರು. ಆದರೆ 2024ರಲ್ಲಿ ಇನ್ವಿಕ್ಟಾ ತಂಡದಲ್ಲಿ ಅವರ ಜೊತೆಗಾರರಾಗಿದ್ದ ಬ್ರಾಝಿಲದ ಬೊರ್ಟೊಲೆಟೊ ಅವರು ಇಡಿಯ ವರ್ಷದ ವಿಜೇತರಾಗಿ ಫಾರ್ಮ್ಯುಲಾ ಒನ್ನಿಗೆ ಏರಿದರು. ಅದೇ ಗಾಡಿಯಲ್ಲಿ ಕುಶರು 13ನೆಯವರು. ಒಂದು ಸುತ್ತಿನ ವೇಗವು ಅವರಿಗೆ ಒಲಿದಿತ್ತು. ಆ ವರ್ಷ ಬಹರೈನದಲ್ಲಿ ಎಲ್ಲರಿಗಿಂತ ವೇಗವಾಗಿ ಸುತ್ತಿ, ಗಾಡಿಯ ತಳವು ನೆಲಕ್ಕೆ ನಿಯಮಕ್ಕಿಂತ ಹತ್ತಿರವಾಯಿತೆಂದು ಆ ಸ್ಥಾನವನ್ನು ಕಳೆದುಕೊಂಡರು. ಇಡಿಯ ಶರ್ಯತ್ತಿನ ತಾಳಿಕೆಯೇ ಸಾಲದಾಯಿತೆಂದು ನಮ್ಮ ಮತ. ಹೀಗೆ ಹೇಳುವದರಿಂದ ಅವರ ಗೌರವವು ಕಡಿಮೆಯಾಗದು. ಈ ಮೆಟ್ಟಿಲಿನ ತನಕ ಬಂದ ಕನ್ನಡ ನಾಡಿನ ಹುಡುಗರು ಎಷ್ಟು ಜನ?

ಬಾರದಿರಲು ಕಾರಣವು ಹಣ. ಫಾರ್ಮ್ಯುಲಾ ಟೂದಲ್ಲಿ ಆಸನಕ್ಕೆ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿಗಳನ್ನು ಚಾಲಕನ ಕಡೆಯವರೇ ತರಬೇಕಾಗುವದು. ಹತ್ತು ವರ್ಷದೊಳಗೇ ಪುಟ್ಟ ಕಾರ್ಟ್ ಗಾಡಿಯಿಂದ ಅಭ್ಯಾಸವಾಗಬೇಕು. ನಮ್ಮವರದೇ ತಂಡವಿದ್ದಾಗಲಾದರೂ ದಾರಿಯಾಯಿತೇ? ಬೆಂಗಳೂರಿನ ಉದ್ಯಮಿ ವಿಜಯ ಮಲ್ಯರು ನಡೆಸಿದ ಫೋರ್ಸ್ ಇಂಡಿಯಾ ತಂಡವು 2008ರಿಂದ 2018ರ ವರೆಗೆ ಫಾರ್ಮ್ಯುಲಾ ಒನ್ನಿನಲ್ಲಿ ಇತ್ತು. 2016 ಹಾಗೂ 2017ರಲ್ಲಿ ತಂಡಗಳಲ್ಲಿ ನಾಲ್ಕನೆಯದಾಯಿತು. 2011ರಲ್ಲಿ ದೇಶದಲ್ಲೆಲ್ಲ ಹುಡುಗರನ್ನು ಪರೀಕ್ಷಿಸಿ ಆರಿಸಿದವರಲ್ಲಿ ಅರ್ಜುನ ಮೈನಿಯೂ ಇದ್ದರು. ಆದರೂ ಇಡಿಯ ಅವಧಿಯಲ್ಲಿ ಭಾರತೀಯನೊಬ್ಬನೂ ಆ ಗಾಡಿಯಲ್ಲಿ ಶರ್ಯತ್ತು ಓಡಲಿಲ್ಲ. 2018ರಲ್ಲಿ ತಂಡವು ಆರ್ಥಿಕ ಅಡಚಣೆಗೆ ಸಿಕ್ಕು ಪರರ ಕೈಗೆ ಹೋಯಿತು. ವಿಚಿತ್ರವೆಂದರೆ, ರಸೆಲ್ಲನ ಕೈ ತಪ್ಪಿದ ಆ ಸಾಖೀರ್ ಶರ್ಯತ್ತನ್ನು ಮೊದಲನೆಯ ಸುತ್ತಿನಲ್ಲಿ ಕೊನೆಗೆ ಬಿದ್ದು ಮೇಲೆದ್ದ ಪೆರೆಜ್ ಅವರು ಗೆದ್ದದ್ದು, ರೇಸಿಂಗ್ ಪಾಯಿಂಟ್ ಎಂದು ಹೆಸರು ಬದಲಿಸಿದ್ದ ಇದೇ ತಂಡದ ಗಾಡಿಯಲ್ಲಿ.

ಆದ್ದರಿಂದ ನಮ್ಮ ವಿದ್ಯಾರ್ಥಿಗೆ ಇಷ್ಟೇ ಹೇಳುವೆವು: ಆದಿತ್ಯವಾರದ ಮಧ್ಯಾಹ್ನ ಹ್ಯಾಮಿಲ್ಟನ್ನರ ಸಲುವಾಗಿ ಜಗಳಾಡುವದಕ್ಕೆ ಮೊದಲು, ಶನಿವಾರದ ಫಾರ್ಮ್ಯುಲಾ ಟೂ ಶರ್ಯತ್ತನ್ನು ಒಂದು ತಿಂಗಳು ನೋಡು. ಮುಂದಿರುವವನನ್ನು ಬಿಟ್ಟು, ಹನ್ನೆರಡನೆಯ ಸ್ಥಾನದಿಂದ ಆರಕ್ಕೆ ಏರುವವನ ಮೇಲೆ ಕಣ್ಣಿಡು; ಅವನ ಜೊತೆಗಾರನು ಎಲ್ಲಿದ್ದಾನೆಂಬುದನ್ನೂ ಬರೆದುಕೊ. ಆ ಪಟ್ಟಿಯನ್ನು ನಮಗೆ ಕಳಿಸಿಕೊಟ್ಟರೆ ವಾದವನ್ನು ಮುಂದುವರಿಸಲು ನಮ್ಮ ಅಭ್ಯಂತರವಿಲ್ಲ.