‘ಫಾರ್ಮ್ಯಾಟ್ ಹೊಡೀಬೇಕು’ ಅಂದ ಕೂಡಲೇ ತಲೆ ಆಡಿಸಬೇಡಿ

ತಾಲ್ಲೂಕು ಪೇಟೆಯ ಯಾವುದಾದರೂ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋಗಿ, ‘ಅಣ್ಣಾ, ಇದು ಆನ್ ಆಗ್ತಿಲ್ಲ, ಸ್ವಲ್ಪ ನೋಡಿ’ ಅನ್ನಿ. ಬಹಳ ಕಡೆ ಸಿಗುವ ಉತ್ತರ ಒಂದೇ. ‘ಫಾರ್ಮ್ಯಾಟ್ ಹೊಡೀಬೇಕು, ಸಂಜೆ ಬನ್ನಿ.’ ನಾವೂ ತಲೆ ಆಡಿಸುತ್ತೇವೆ. ಸಂತೆ ಮುಗಿಸಿಕೊಂಡು ಸಂಜೆ ಹೋಗಿ, ಐನೂರೋ ಏಳುನೂರೋ ಕೊಟ್ಟು ತರುತ್ತೇವೆ. ಕಂಪ್ಯೂಟರ್ ಹೊಸದರ ಹಾಗೆ ಓಡುತ್ತದೆ. ಮನೆಗೆ ಬಂದು ತೆಗೆದು ನೋಡಿದರೆ ಒಳಗೆ ಏನೂ ಇಲ್ಲ.

ನಮ್ಮ ಕಡೆಯ ಒಂದು ಹಾಲಿನ ಡೇರಿಯಲ್ಲಿ ಹೀಗೇ ಆಯಿತು. ಸದಸ್ಯರ ಪಟ್ಟಿ, ಬಟವಾಡೆ, ಬೋನಸ್ ಲೆಕ್ಕ ಎಲ್ಲ ಒಂದೇ ಕಂಪ್ಯೂಟರ್‌ನಲ್ಲಿತ್ತು. ಒಂದು ಬೆಳಿಗ್ಗೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬಂದು ನಿಂತುಬಿಟ್ಟಿತು. ‘ಸಿ ಡ್ರೈವ್ ಮಾತ್ರ ಹೊಡೀತೀನಿ’ ಅಂದ ಅಂಗಡಿಯವರು ಇಡೀ ಡಿಸ್ಕನ್ನೇ ಅಳಿಸಿ ಹೊಸದಾಗಿ ಪಾರ್ಟಿಷನ್ ಮಾಡಿ ಕೊಟ್ಟರು. ಕಾರ್ಯದರ್ಶಿ ಎರಡು ತಿಂಗಳು ರಾತ್ರಿ ಕೂತು, ಹಳೆಯ ರಿಜಿಸ್ಟರ್ ನೋಡಿಕೊಂಡು ಎಲ್ಲವನ್ನೂ ಮತ್ತೆ ಟೈಪ್ ಮಾಡಿದರು. ರಿಜಿಸ್ಟರ್ ಇತ್ತಲ್ಲ, ಅದೇ ಪುಣ್ಯ. ಮದುವೆ ಫೋಟೋ ತೆಗೆಯುವ ಸ್ಟುಡಿಯೋದವರಿಗೆ, ಹಳೆಯ ಸುದ್ದಿ, ಚಿತ್ರಗಳನ್ನೆಲ್ಲ ಕಂಪ್ಯೂಟರ್‌ನಲ್ಲೇ ಇಟ್ಟುಕೊಂಡ ನಮ್ಮಂಥ ವರದಿಗಾರರಿಗೆ ಆ ಪುಣ್ಯವೂ ಇರುವುದಿಲ್ಲ.

ನಾವು ಹೇಳುವುದು ಇಷ್ಟೇ. ಬೂಟ್ ಆಗದ ಕಂಪ್ಯೂಟರ್ ಅಂದರೆ ಸತ್ತ ಕಂಪ್ಯೂಟರ್ ಅಲ್ಲ. ಹೆಚ್ಚಿನ ಸಲ ನಿಮ್ಮ ಫೈಲುಗಳು ಒಳಗೆ ಹಾಗೇ ಇರುತ್ತವೆ, ಬಾಗಿಲು ಮಾತ್ರ ತೆರೆಯುತ್ತಿರುವುದಿಲ್ಲ. ಬೀಗ ಕೆಟ್ಟಿತು ಅಂತ ಯಾರೂ ಮನೆ ಕೆಡವಿಸುವುದಿಲ್ಲ.

2024ರ ಜುಲೈ 19ರಂದು ಏನಾಯಿತು ನೆನಪಿಸಿಕೊಳ್ಳಿ. ಕ್ರೌಡ್‌ಸ್ಟ್ರೈಕ್ ಅನ್ನುವ ಕಂಪನಿ ಕಳಿಸಿದ ಒಂದು ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಅಷ್ಟೂ ಕಂಪ್ಯೂಟರ್‌ಗಳಿಗೆ ಫಾರ್ಮ್ಯಾಟ್ ಹೊಡೆದರಾ? ಇಲ್ಲ. ಸೇಫ್ ಮೋಡ್‌ನಲ್ಲಿ ತೆರೆದು, ಕೆಟ್ಟ ಫೈಲ್ ಒಂದನ್ನು ಅಳಿಸಿ, ಮತ್ತೆ ಆನ್ ಮಾಡಿದರು. ಪೆನ್ ಡ್ರೈವ್‌ನಿಂದ ಬೂಟ್ ಮಾಡಿ ಇದೇ ಕೆಲಸ ಮಾಡುವ ಸಾಧನವನ್ನು ಮೈಕ್ರೋಸಾಫ್ಟ್ ಬಿಡುಗಡೆ ಮಾಡಿತು. ದೊಡ್ಡ ಕಂಪನಿಗಳ ಕಂಪ್ಯೂಟರ್‌ಗೆ ಈ ಮರ್ಯಾದೆ ಇದ್ದರೆ ನಮ್ಮ ಡೇರಿಯ ಕಂಪ್ಯೂಟರ್‌ಗೂ ಇರಬೇಕು.

ಮೊದಲು ಒಂದು ಮಾತು ಸರಿ ಮಾಡಿಕೊಳ್ಳೋಣ. ‘ಆನ್ ಆಗ್ತಿಲ್ಲ’ ಅಂತ ನಾವು ಮೂರು ಬೇರೆ ಬೇರೆ ಕಾಯಿಲೆಗೆ ಒಂದೇ ಹೆಸರು ಇಟ್ಟಿದ್ದೇವೆ. ಗುಂಡಿ ಒತ್ತಿದರೆ ದೀಪ, ಫ್ಯಾನ್ ಯಾವುದೂ ಇಲ್ಲ ಅಂದರೆ ಅದು ಕರೆಂಟು, ಚಾರ್ಜರ್, ಎಸ್‌ಎಂಪಿಎಸ್ ವಿಷಯ. ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪು ಅಂದರೆ ಬಹಳ ಸಲ ರ‍್ಯಾಮ್ ಸಡಿಲವಾಗಿರುತ್ತದೆ ಅಥವಾ ಧೂಳು ಹಿಡಿದಿರುತ್ತದೆ. ಬಿಚ್ಚಿ, ಶಾಲೆ ಮಕ್ಕಳ ರಬ್ಬರ್‌ನಿಂದ ಅದರ ಚಿನ್ನದ ಬಣ್ಣದ ಅಂಚು ಉಜ್ಜಿ ಹಾಕಿದರೆ ಸರಿಹೋಗುವುದುಂಟು. ಮೂರನೆಯದು ಕಂಪನಿಯ ಗುರುತು ಬರುತ್ತದೆ, ಆಮೇಲೆ ‘ನೋ ಬೂಟೆಬಲ್ ಡಿವೈಸ್’ ಅಂತಲೋ ‘ಬೂಟ್ ಎಂಜಿಆರ್ ಈಸ್ ಮಿಸ್ಸಿಂಗ್’ ಅಂತಲೋ ಇಂಗ್ಲಿಷ್‌ನಲ್ಲಿ ಬಂದು ನಿಲ್ಲುತ್ತದೆ. ನಮ್ಮ ಮಾತು ಈ ಮೂರನೆಯದರ ಬಗ್ಗೆ. ಆ ಅಕ್ಷರಗಳ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ, ಅಂಗಡಿಯವರಿಗೆ ತೋರಿಸಲು ಅದೇ ದೊಡ್ಡ ಸುಳಿವು.

ಬೂಟ್ ಆಗುವುದು ಅಂದರೆ ಬೆಳಿಗ್ಗೆ ಶಾಲೆ ತೆರೆದ ಹಾಗೆ. ಬಯಾಸ್ ಅನ್ನುವುದು ಶಾಲೆಯ ಜವಾನ. ಬೀಗ ತೆಗೆಯುತ್ತಾನೆ, ಕೋಣೆಗಳನ್ನು ನೋಡುತ್ತಾನೆ, ಆಮೇಲೆ ಹೆಡ್‌ಮಾಸ್ತರನ್ನು ಹುಡುಕುತ್ತಾನೆ. ಹೆಡ್‌ಮಾಸ್ತರು ಅಂದರೆ ವಿಂಡೋಸ್. ಯಾವ ಕೋಣೆಯಲ್ಲಿ ಮೊದಲು ಹುಡುಕಬೇಕು ಅನ್ನುವ ಪಟ್ಟಿ ಜವಾನನ ಹತ್ತಿರ ಇರುತ್ತದೆ, ಅದಕ್ಕೆ ಬೂಟ್ ಆರ್ಡರ್ ಅನ್ನುತ್ತಾರೆ. ಪಟ್ಟಿಯಲ್ಲಿ ಪೆನ್ ಡ್ರೈವ್ ಮೊದಲಿದ್ದು, ನೀವು ಪೆನ್ ಡ್ರೈವ್ ತೆಗೆಯುವುದನ್ನು ಮರೆತಿದ್ದರೆ ಜವಾನ ಅಲ್ಲೇ ಹೋಗಿ ಇಣುಕುತ್ತಾನೆ. ಹಳೆಯ ಕಂಪ್ಯೂಟರ್‌ಗಳು ಅಲ್ಲೇ ನಿಂತುಬಿಡುತ್ತವೆ. ಆಗ ಬರುವ ಸಂದೇಶವೂ ‘ಬೂಟ್ ಎಂಜಿಆರ್ ಈಸ್ ಮಿಸ್ಸಿಂಗ್’ ಆಗಿರಬಹುದು. ಅದನ್ನು ಹೇಳುತ್ತಿರುವುದು ನಿಮ್ಮ ಹಾರ್ಡ್ ಡಿಸ್ಕ್ ಅಲ್ಲ, ಆ ಪೆನ್ ಡ್ರೈವ್!

ಹಾಗಾಗಿ ಮೊದಲ ಮದ್ದು ಪುಕ್ಕಟೆ. ಕಂಪ್ಯೂಟರ್ ಆಫ್ ಮಾಡಿ, ಕೀಬೋರ್ಡ್ ಮೌಸ್ ಬಿಟ್ಟು ಚುಚ್ಚಿರುವುದೆಲ್ಲ ಕೀಳಿ. ಪೆನ್ ಡ್ರೈವ್, ಕ್ಯಾಮೆರಾ ಕಾರ್ಡ್, ಪ್ರಿಂಟರ್, ಬೆರಳಚ್ಚು ಯಂತ್ರ, ಇಂಟರ್ನೆಟ್ ಡಾಂಗಲ್, ಸಿಡಿ ಟ್ರೇಯಲ್ಲಿ ಮರೆತ ಡಿಸ್ಕ್ ಎಲ್ಲವನ್ನೂ. ಆಮೇಲೆ ಆನ್ ಮಾಡಿ.

ಇದಕ್ಕೂ ಜಗ್ಗದಿದ್ದರೆ ಬಯಾಸ್ ಒಳಗೆ ಹೋಗಿ ನೋಡಬೇಕು. ಆನ್ ಮಾಡಿದ ಕೂಡಲೇ ಎಫ್2 ಅಥವಾ ಡಿಲೀಟ್ ಕೀಯನ್ನು ಟಕಟಕ ಒತ್ತುತ್ತಿರಿ, ಎಚ್‌ಪಿಯಲ್ಲಿ ಎಫ್10. ಅಲ್ಲಿ ನೋಡಬೇಕಾದ್ದು ಒಂದೇ, ನಿಮ್ಮ ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯ ಹೆಸರು ಕಾಣುತ್ತಿದೆಯೇ ಅಂತ. ಕಾಣುತ್ತಿದ್ದರೆ ಡಿಸ್ಕ್ ಉಸಿರಾಡುತ್ತಿದೆ, ಪಟ್ಟಿ ತಪ್ಪಿದೆ ಅಥವಾ ವಿಂಡೋಸ್‌ನ ಬೂಟ್ ಫೈಲು ಕೆಟ್ಟಿದೆ. ಕಾಣದಿದ್ದರೆ ಕೇಬಲ್ ಸಡಿಲವಾಗಿರಬಹುದು. ಸಿಪಿಯು ಅನ್ನು ಬೈಕಿನ ಮೇಲೆ ಕೂರಿಸಿಕೊಂಡು ಹಳ್ಳಿ ರಸ್ತೆಯಲ್ಲಿ ತಂದವರಿಗೆ ಇದು ಆಗದಿದ್ದರೇ ಆಶ್ಚರ್ಯ.

ಅಲ್ಲೇ ತಾರೀಖನ್ನೂ ನೋಡಿ. ಯಾವುದೋ ಹಳೆಯ ಇಸವಿ ತೋರಿಸುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ಗುಂಡು ಸೆಲ್ ಮುಗಿದಿದೆ ಎಂದರ್ಥ. ಸಾಮಾನ್ಯವಾಗಿ ಅದು ಸಿಆರ್2032, ಮೂರು ವೋಲ್ಟ್, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಕಂಪ್ಯೂಟರ್‌ಗೆ ಕರೆಂಟು ಬರುತ್ತಿರುವಾಗ ಈ ಸೆಲ್‌ಗೆ ಕೆಲಸ ಕಡಿಮೆ. ಕರೆಂಟು ಇಲ್ಲದ ಹೊತ್ತಿನಲ್ಲೇ ಅದು ಸವೆಯುವುದು. ನಮ್ಮ ಕಡೆ ಕರೆಂಟು ಎಷ್ಟು ಹೊತ್ತು ಇರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ, ರಾತ್ರಿ ಮೇನ್ ಸ್ವಿಚ್ ಆರಿಸುವ ಕಚೇರಿಗಳೂ ಇವೆ. ಸೆಲ್ ಮುಗಿದರೆ ಜವಾನ ಪಟ್ಟಿಯನ್ನೇ ಮರೆಯುತ್ತಾನೆ. ಲೆಗಸಿ ಇದ್ದದ್ದು ಯುಇಎಫ್‌ಐ ಆಗುತ್ತದೆ, ಡಿಸ್ಕ್ ಮೋಡ್ ಬದಲಾಗುತ್ತದೆ, ಸರಿಯಾಗಿದ್ದ ವಿಂಡೋಸ್ ಕಣ್ಣಿಗೆ ಬೀಳದೆ ಹೋಗುತ್ತದೆ. ಐವತ್ತು ರೂಪಾಯಿಯೊಳಗಿನ ಸೆಲ್ಲಿಗೋಸ್ಕರ ಹತ್ತು ವರ್ಷದ ಫೋಟೋ ಅಳಿಸಿಕೊಂಡವರು ಇದ್ದಾರೆ ಅನ್ನುವುದೇ ನಮ್ಮ ಸಿಟ್ಟು.

ಈಗ ಪೆನ್ ಡ್ರೈವ್‌ನ ಒಳ್ಳೆಯ ಮುಖ. ವಿಂಡೋಸ್ ಏಳದಿದ್ದರೂ ಪೆನ್ ಡ್ರೈವ್‌ನಲ್ಲಿರುವ ಲಿನಕ್ಸ್‌ನಿಂದ ಕಂಪ್ಯೂಟರನ್ನು ಎಬ್ಬಿಸಬಹುದು. ಉಬುಂಟು, ಲಿನಕ್ಸ್ ಮಿಂಟ್ ಎರಡೂ ಉಚಿತ. ಡಿಸ್ಕ್‌ಗೆ ಏನನ್ನೂ ಹಾಕದೆ ಪೆನ್ ಡ್ರೈವ್‌ನಿಂದಲೇ ಓಡುತ್ತವೆ. ಸಿ ಡ್ರೈವ್, ಡಿ ಡ್ರೈವ್ ಎರಡನ್ನೂ ತೆರೆದು, ಬೇಕಾದ ಫೋಲ್ಡರನ್ನು ಇನ್ನೊಂದು ಡಿಸ್ಕ್‌ಗೆ ಕಾಪಿ ಮಾಡಿಕೊಂಡರೆ ಮುಗಿಯಿತು. ಆಮೇಲೆ ಬೇಕಾದರೆ ಫಾರ್ಮ್ಯಾಟ್ ಹೊಡೆಸಿ, ಯಾರು ಬೇಡ ಅಂದರು?

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ಡೌನ್‌ಲೋಡ್ ಮಾಡಿದ ಐಎಸ್‌ಒ ಫೈಲನ್ನು ಸುಮ್ಮನೆ ಪೆನ್ ಡ್ರೈವ್‌ಗೆ ಕಾಪಿ ಮಾಡಿದರೆ ಅದು ಬೂಟ್ ಆಗುವುದಿಲ್ಲ. ರೂಫಸ್ ಅನ್ನುವ ಪುಟ್ಟ ತಂತ್ರಾಂಶದಿಂದ ಬರೆಯಬೇಕು, ಅಥವಾ ವೆಂಟಾಯ್ ಹಾಕಿಕೊಂಡರೆ ಆಮೇಲೆ ಎಷ್ಟು ಐಎಸ್‌ಒ ಬೇಕಾದರೂ ಕಾಪಿ ಮಾಡಿಡಬಹುದು. ಎರಡರಲ್ಲೂ ಪೆನ್ ಡ್ರೈವ್‌ನಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆ, ಖಾಲಿಯದನ್ನೇ ಹಿಡಿಯಿರಿ. ಆನ್ ಮಾಡುವಾಗ ಬೂಟ್ ಮೆನು ತರಲು ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಕೆಲವದರಲ್ಲಿ ಬಯಾಸ್‌ಗೆ ಹೋಗಿ ಅದನ್ನು ಮೊದಲು ಚಾಲೂ ಮಾಡಬೇಕು. ಲಿನಕ್ಸ್ ಬಂದ ಮೇಲೆ ‘ಇನ್‌ಸ್ಟಾಲ್’ ಅನ್ನುವ ಗುರುತು ಕಾಣುತ್ತದೆ. ಅದನ್ನು ಮುಟ್ಟಬೇಡಿ.

ಎರಡು ಸಂದರ್ಭದಲ್ಲಿ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂತ ಸದ್ದು ಮಾಡುತ್ತಿದ್ದರೆ ಕೂಡಲೇ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಒಳಗೆ ಗೀರು ಬೀಳುತ್ತದೆ. ಅಂಥ ಡಿಸ್ಕ್ ಮೇಲೆ ‘ಚೆಕ್ ಡಿಸ್ಕ್’ ಓಡಿಸುವುದೂ ತಪ್ಪು. ಡೇಟಾ ರಿಕವರಿ ಮಾಡುವವರ ಹತ್ತಿರವೇ ಹೋಗಬೇಕು, ಅದು ದುಬಾರಿ ಬಾಬ್ತು. ಇನ್ನೊಂದು, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನೀಲಿ ಪರದೆ ಬಂದು ‘ಬಿಟ್‌ಲಾಕರ್ ರಿಕವರಿ ಕೀ’ ಕೇಳಿದರೆ. ಅದು 48 ಅಂಕಿಯ ಕೀ. ಅದಿಲ್ಲದೆ ಲಿನಕ್ಸ್ ಪೆನ್ ಡ್ರೈವ್ ಹಾಕಿದರೂ ಫೈಲು ತೆರೆಯುವುದಿಲ್ಲ.

ಈ ಕೀ ಸಾಮಾನ್ಯವಾಗಿ ಲ್ಯಾಪ್‌ಟಾಪ್ ಮೊದಲ ಸಲ ಆನ್ ಮಾಡಿದಾಗ ಕೊಟ್ಟ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತದೆ. ನಮ್ಮೂರುಗಳಲ್ಲಿ ಆ ಅಕೌಂಟ್ ಯಾರದು? ಬಹಳ ಸಲ ಅಂಗಡಿಯ ಹುಡುಗನದು, ಇಲ್ಲವೇ ಅವನು ಆ ಹೊತ್ತಿಗೆ ಹುಟ್ಟಿಸಿದ ಯಾವುದೋ ಇಮೇಲ್. ಓದಲಿಕ್ಕೆ ಅಂತ ಮಗಳಿಗೆ ಸಾಲ ಮಾಡಿ ಲ್ಯಾಪ್‌ಟಾಪ್ ಕೊಡಿಸಿದ ಅಪ್ಪನಿಗೆ ಅದರ ಕೀ ಬೇರೆಯವರ ಜೇಬಿನಲ್ಲಿದೆ ಅಂತ ಗೊತ್ತೇ ಇರುವುದಿಲ್ಲ. ಲ್ಯಾಪ್‌ಟಾಪ್ ಸರಿಯಾಗಿ ಓಡುತ್ತಿರುವಾಗಲೇ ಅಕೌಂಟನ್ನು ನಿಮ್ಮ ಹೆಸರಿಗೆ ಮಾಡಿಕೊಂಡು, ಆ 48 ಅಂಕಿಯನ್ನು ಪಾಸ್‌ಬುಕ್ ಇಡುವ ಕಡೆ ಬರೆದಿಡಿ.

ಫಾರ್ಮ್ಯಾಟ್ ನಿಜಕ್ಕೂ ಬೇಕಾಗುವುದೂ ಉಂಟು. ಆಗ ಎರಡು ವಿಷಯ ತಿಳಿದಿರಲಿ. ವಿಂಡೋಸ್ 8ರಿಂದ ಈಚೆಗೆ, ಕಂಪನಿಯಿಂದಲೇ ವಿಂಡೋಸ್ ಹಾಕಿ ಬಂದ ಲ್ಯಾಪ್‌ಟಾಪ್‌ಗಳ ಲೈಸೆನ್ಸ್ ಕೀ ಮದರ್‌ಬೋರ್ಡ್‌ನಲ್ಲೇ ಇರುತ್ತದೆ. ಅದೇ ಬಗೆಯ ವಿಂಡೋಸನ್ನು ಮತ್ತೆ ಹಾಕಿದರೆ ತಾನಾಗಿ ಆಕ್ಟಿವೇಟ್ ಆಗುತ್ತದೆ. ಹಾಕುವ ಐಎಸ್‌ಒ ಮೈಕ್ರೋಸಾಫ್ಟ್‌ನ ಸ್ವಂತ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ‘ಒರಿಜಿನಲ್ ವಿಂಡೋಸ್‌ಗೆ ಬೇರೆ ದುಡ್ಡು’ ಅಂದರೆ ಯಾಕೆ ಅಂತ ಕೇಳಿ. ಎರಡನೆಯದು, ಈಚಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಹಾಕಲು ಕೂತಾಗ ಎಸ್‌ಎಸ್‌ಡಿಯೇ ಕಾಣದಿರುವುದುಂಟು. ‘ಎಸ್‌ಎಸ್‌ಡಿ ಹೋಗಿದೆ, ಹೊಸದು ಹಾಕಬೇಕು’ ಅನ್ನುವ ಮಾತಿಗೆ ಆಗಲೂ ಅವಸರ ಪಡಬೇಡಿ. ಇಂಟೆಲ್‌ನ ಸ್ಟೋರೇಜ್ ಡ್ರೈವರನ್ನು ಪೆನ್ ಡ್ರೈವ್‌ನಿಂದ ಕೊಟ್ಟರೆ ಡಿಸ್ಕ್ ಕಣ್ಣಿಗೆ ಬೀಳುವ ಸಾಧ್ಯತೆ ಇದೆ.

ಅಂಗಡಿಯವರನ್ನು ಮಾತ್ರ ಬೈದರೆ ಅರ್ಧ ಸತ್ಯ ಹೇಳಿದ ಹಾಗೆ. ಫಾರ್ಮ್ಯಾಟ್‌ಗೆ ಇಂತಿಷ್ಟು ಅಂತ ರೇಟ್ ಇದೆ, ಕೆಲಸ ಖಾತ್ರಿ, ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ. ಕೂತು ಹುಡುಕಿ ‘ಸೆಲ್ ಹೋಗಿತ್ತು, ಹಾಕಿದ್ದೇನೆ’ ಅಂದರೆ ನಾವು ಕೊಡುವುದು ಸೆಲ್ಲಿನ ದುಡ್ಡು ಮಾತ್ರ. ‘ಇಷ್ಟಕ್ಕೆ ಮುನ್ನೂರಾ?’ ಅಂತ ಜಗಳ ಬೇರೆ. ನೋಡಿದ್ದಕ್ಕೆ, ತಲೆ ಓಡಿಸಿದ್ದಕ್ಕೆ ದುಡ್ಡು ಕೊಡದ ಊರಿನಲ್ಲಿ ಯಾರು ತಲೆ ಓಡಿಸುತ್ತಾರೆ? ಅವನಿಗೂ ಬಾಡಿಗೆ ಕಟ್ಟಬೇಕು. ‘ಏನಾಗಿದೆ ನೋಡಿ ಹೇಳಪ್ಪ, ನೋಡಿದ್ದಕ್ಕೂ ಕೊಡ್ತೀನಿ’ ಅಂದು ನೋಡಿ, ಎದುರಿನ ಮುಖವೇ ಬದಲಾಗುತ್ತದೆ.

ಪಂಚಾಯಿತಿಗಳಿಗೆ ನಮ್ಮದೊಂದು ಬೇಡಿಕೆ ಇದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಅರಿವು ಕೇಂದ್ರ ಅಂತ ಮಾಡಿ ಎಷ್ಟೋ ಕಡೆ ಕಂಪ್ಯೂಟರ್ ಕೊಟ್ಟಿದ್ದಾರೆ. ಅದು ಬೂಟ್ ಆಗದಿದ್ದ ದಿನದಿಂದ ಅದರ ಮೇಲೆ ಬಟ್ಟೆ ಹೊದಿಸಿ ಇಡುತ್ತಾರೆ. ಅಲ್ಲಿನ ಬೀರುವಿನಲ್ಲಿ ವೆಂಟಾಯ್ ಹಾಕಿದ ಒಂದು 32 ಜಿಬಿ ಪೆನ್ ಡ್ರೈವ್, ಫೈಲು ಕಾಪಿ ಮಾಡಲು ಒಂದು ಹೊರಗಿನ ಹಾರ್ಡ್ ಡಿಸ್ಕ್, ಎರಡು ಗುಂಡು ಸೆಲ್, ಒಂದು ಸ್ಕ್ರೂಡ್ರೈವರ್ ಇರಲಿ. ಊರಿನಲ್ಲಿ ಐಟಿಐ, ಡಿಪ್ಲೊಮಾ ಓದಿ ಕೂತ ಹುಡುಗ ಹುಡುಗಿಯರು ಇದ್ದೇ ಇರುತ್ತಾರೆ. ಒಬ್ಬರಿಗೆ ಒಂದು ದಿನ ಕಲಿಸಿ, ಕೆಲಸಕ್ಕೆ ಇಂತಿಷ್ಟು ಅಂತ ಗೊತ್ತು ಮಾಡಿದರೆ ಸಾಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ, ನಾವೂ ನಮ್ಮ ಪಂಚಾಯಿತಿಯಲ್ಲಿ ಕೇಳುತ್ತೇವೆ.

ಅಂದ ಹಾಗೆ, ಫಾರ್ಮ್ಯಾಟ್ ಆದ ಮೇಲೆ ಕಾಪಿ ಮಾಡಿಟ್ಟ ಕನ್ನಡ ಫೈಲು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣಿಸಬಹುದು. ಫೈಲು ಕೆಟ್ಟಿತು ಅಂತ ಅಳಿಸಿಬಿಡಬೇಡಿ. ಅದು ಹಳೆಯ ನುಡಿ ಅಕ್ಷರದಲ್ಲಿ ಬರೆದದ್ದು, ಹೊಸ ವಿಂಡೋಸ್‌ನಲ್ಲಿ ನುಡಿ ಇನ್ನೂ ಹಾಕಿರುವುದಿಲ್ಲ ಅಷ್ಟೇ. ನುಡಿ ಹಾಕಿ ಮತ್ತೆ ತೆರೆಯಿರಿ.