ತಲೆಯೊಳಗೆ ಕೂತ ಖಳನಾಯಕ

ಖಳನಾಯಕನ ಅಡ್ಡೆ ಹೇಗಿರಬೇಕು ಅನ್ನೋದು ನಮಗೆಲ್ಲ ಬಾಯಿಪಾಠ. ಗುಹೆ, ಕೆಂಪು ದೀಪ, ಗೋಡೆ ತುಂಬ ಮಿಣಮಿಣ ಗುಂಡಿಗಳು. ಮಧ್ಯದಲ್ಲೊಂದು ಕುರ್ಚಿ. ನಾಯಕನ ತಮ್ಮನನ್ನೋ, ಕನ್ನಡಕದ ಪ್ರೊಫೆಸರನ್ನೋ ಅದಕ್ಕೆ ಬಿಗಿದು, ತಲೆಗೆ ವೈರು ಸುತ್ತಿದ ಟೊಪ್ಪಿಗೆ ಹಾಕಿ, ಬೋಳುತಲೆಯ ಬಾಸ್ ಒಂದು ಹಿಡಿ ಎಳೆದರೆ ಮುಗೀತು... "ಇನ್ನು ಮೇಲೆ ನಾನು ಹೇಳಿದ್ದೇ ನಿನ್ನ ಯೋಚನೆ! ಹ್ಹಹ್ಹಹ್ಹಾ!" ಗಾಂಧಿಕ್ಲಾಸಿನಲ್ಲಿ ಶಿಳ್ಳೆ. ಮುಂದಿನ ರೀಲಿನಲ್ಲಿ ನಾಯಕ ಬಂದು ಒಂದೇ ಒದೆಗೆ ಮೆಷಿನ್ನು ಪುಡಿಪುಡಿ. ಶುಭಂ.

ನಾವು ಬೀಡಿ ಹಚ್ಚಿಕೊಂಡು ಮನೆಗೆ ಹೊರಡ್ತೀವಿ. ಆದರೆ ಆ ಮೆಷಿನ್ನು ಯಾರದೋ ಮನೆಗೆ ಬಂದು ಕೂತುಬಿಟ್ಟರೆ?

ಯಾವ ಹೀರೋಯಿನ್ ಮದುವೆ ಯಾವಾಗ ಎಂಬ ಪತ್ರಗಳ ಕಂತೆಯಲ್ಲಿ ಈ ಸಲ ಒಂದು ಕಾಗದ ಬೇರೆ ಥರ ಇತ್ತು. ಹೆಸರು, ಊರು ನಾನು ಹೇಳೋದಿಲ್ಲ. "ಸಾರ್, ನಮ್ಮಣ್ಣ ಐಟಿಐ ಮಾಡಿದಾನೆ. ಬುದ್ಧಿವಂತ. ಆರು ತಿಂಗಳಿಂದ ಹೊರಗೇ ಹೋಗ್ತಿಲ್ಲ. ಸರ್ಕಾರದೋರು ಟವರಿಂದ ಅವನ ತಲೆಗೆ ಕಿರಣ ಬಿಡ್ತಾರಂತೆ. ಅವನು ಯೋಚನೆ ಮಾಡಿದ್ದೆಲ್ಲ ಅವರಿಗೆ ಕೇಳಿಸುತ್ತಂತೆ. ಹಾಲಿನೋನು, ಎದುರುಮನೆಯೋರು, ಕೆಂಪು ಬೈಕಿನೋರು ಎಲ್ಲ ಪಾಳಿ ಹಾಕ್ಕೊಂಡು ಅವನನ್ನ ಹಿಂಬಾಲಿಸ್ತಾರಂತೆ. ರಾತ್ರಿ ಮಲಗೋದಿಲ್ಲ, ಕಿಟಕಿಗೆ ಕಂಬಳಿ ಕಟ್ಟಿದಾನೆ. ಇಂಗ್ಲಿಷಿನ ‘ಎ ಬ್ಯೂಟಿಫುಲ್ ಮೈಂಡ್’ ತೋರಿಸಿದರೆ ತನಗೇನಾಗಿದೆ ಅಂತ ಅವನಿಗೆ ಗೊತ್ತಾಗುತ್ತಾ ಸಾರ್?"

ನಾನು ಪಿಯುಸಿಗೇ ಕಾಲೇಜಿಗೆ ಕೈಮುಗಿದು ಬಂದವನು, ಡಾಕ್ಟರಲ್ಲ. ಆದರೆ ಪ್ರಶ್ನೆ ಸಿನಿಮಾದ್ದು. ಅದಕ್ಕೇ ಈ ವಾರದ ಗಾಸಿಪ್ಪು ಪಕ್ಕಕ್ಕಿಟ್ಟಿದ್ದೀನಿ. ಬೈಯ್ಯಬೇಡಿ.

ಟವರು, ಕಿರಣ ಅಂದ ಕೂಡಲೇ ಇದು ಮೊಬೈಲ್ ಕಾಲದ ಕಾಯಿಲೆ ಅಂದುಕೊಂಡಿರಾ? ಸಿನಿಮಾ ಹುಟ್ಟುವುದಕ್ಕೆ ನೂರು ವರ್ಷ ಮೊದಲೇ ಲಂಡನ್ನಿನಲ್ಲಿ ಜೇಮ್ಸ್ ಟಿಲ್ಲಿ ಮ್ಯಾಥ್ಯೂಸ್ ಎಂಬ ಚಹಾ ವ್ಯಾಪಾರಿ ಇದ್ದ. ಇಂಗ್ಲೆಂಡಿಗೂ ಫ್ರಾನ್ಸಿಗೂ ರಾಜಿ ಮಾಡಿಸ್ತೀನಿ ಅಂತ ಕ್ರಾಂತಿಯ ಕಾಲದಲ್ಲೇ ಪ್ಯಾರಿಸ್ಸಿಗೆ ಹೋಗಿ, 1793ರಿಂದ 1796ರವರೆಗೆ ಅಲ್ಲಿನ ಸೆರೆಯಲ್ಲಿ ಕೊಳೆತ. ಊರಿಗೆ ಬಂದವನು ಪಾರ್ಲಿಮೆಂಟಿನಲ್ಲಿ ಮಂತ್ರಿಯೊಬ್ಬರ ಮೇಲೆ "ದ್ರೋಹ!" ಅಂತ ಕೂಗಿದ. 1797ರಲ್ಲಿ ಅವನನ್ನು ಬೆಥ್ಲೆಮ್ ಹುಚ್ಚಾಸ್ಪತ್ರೆಗೆ ಹಾಕಿದರು.

ಅವನ ಕಥೆ ಕೇಳಿದರೆ ನಮ್ಮ ಗಾಂಧಿನಗರದ ಕಥಾ ಇಲಾಖೆಯವರೂ ದಂಗಾಗಬೇಕು. ಲಂಡನ್ನಿನ ಹಳೆ ಕೋಟೆಗೋಡೆಯ ಹತ್ತಿರ ಒಂದು ನೆಲಮಾಳಿಗೆ. ಅಲ್ಲಿ ಏಳು ಜನರ ತಂಡ, ನಾಲ್ಕು ಗಂಡಸರು, ಮೂರು ಹೆಂಗಸರು. ಬಾಸಿನ ಹೆಸರು ‘ಬಿಲ್ ದಿ ಕಿಂಗ್’. ಒಬ್ಬಳು ಸದಾ ಕೈಗವಸು ಹಾಕಿರುವವಳು, ಮೆಷಿನ್ನು ನಡೆಸೋದರಲ್ಲಿ ಎತ್ತಿದ ಕೈ. ಇನ್ನೊಬ್ಬನಿಗೆ ‘ಮೇಷ್ಟ್ರು’ ಅಂತಲೇ ಹೆಸರು, ಎಲ್ಲ ಬರೆದಿಟ್ಟುಕೊಳ್ಳೋದು ಅವನ ಕೆಲಸ. ಅವರ ಮೆಷಿನ್ನಿಗೆ ಮ್ಯಾಥ್ಯೂಸ್ ಇಟ್ಟ ಹೆಸರು ‘ಏರ್ ಲೂಮ್’, ಅಂದರೆ ಗಾಳಿಮಗ್ಗ! ಪೀಪಾಯಿಗಳಲ್ಲಿ ತುಂಬಿಟ್ಟ ಕೆಟ್ಟ ಹಬೆಗಳು, ಆಯಸ್ಕಾಂತದ ಕಿರಣಗಳು. ಅಲ್ಲಿಂದ ಬಿಟ್ಟರೆ ಇವನ ತಲೆಗೇ ನಾಟುತ್ತೆ. ಹುಡುಗರು ಗಾಳಿಪಟ ಹಾರಿಸಿದ ಹಾಗೆ ಒಂದು ಬೇಡದ ಯೋಚನೆಯನ್ನು ಇವನ ಮೆದುಳಿನಲ್ಲಿ ಹಾರಿಸಿ ಗಂಟೆಗಟ್ಟಲೆ ಕೆಳಗಿಳಿಸೋದೇ ಇಲ್ಲ. ಮಂತ್ರಿಗಳ ತಲೆ ಕೆಡಿಸೋಕೂ ಇಂಥ ತಂಡಗಳು ಊರು ತುಂಬ ಇವೆ ಅಂತ ಅವನ ವಾದ. ಆಸ್ಪತ್ರೆಯ ಜಾನ್ ಹ್ಯಾಸ್ಲಮ್ ಎಂಬುವವರು ಇದನ್ನೆಲ್ಲ 1810ರಲ್ಲಿ ಪುಸ್ತಕ ಮಾಡಿ ಹಾಕಿದರು. ಆ ಮೆಷಿನ್ನಿನ ಚಿತ್ರವನ್ನು ಬರೆದುಕೊಟ್ಟವನು ಮ್ಯಾಥ್ಯೂಸನೇ!

ಗಾಳಿಮಗ್ಗವೇ ಯಾಕೆ? ಆಗ ಇಂಗ್ಲೆಂಡಿನಲ್ಲಿ ಹೊಸ ಹೊಸ ಮಗ್ಗಗಳು ಬಂದು ಕೈಮಗ್ಗದವರ ಹೊಟ್ಟೆ ಮೇಲೆ ಹೊಡೀತಿದ್ದವು. ವಿಜ್ಞಾನಿಗಳು ದಿನಕ್ಕೊಂದು ಗಾಳಿ, ಅನಿಲ ಅಂತ ಪ್ರಯೋಗ ಮಾಡ್ತಿದ್ದರು. ಊರಿಗೆ ಯಾವುದು ದೊಡ್ಡ ಬೆರಗೋ ಅದೇ ಅವನ ತಲೆಗೂ ಬಂತು. 1919ರಲ್ಲಿ ವಿಯೆನ್ನಾದ ಡಾಕ್ಟರ್ ವಿಕ್ಟರ್ ಟೌಸ್ಕ್ ಇಂಥ ರೋಗಿಗಳ ಮೆಷಿನ್ನುಗಳ ಬಗ್ಗೆ ಒಂದು ಲೇಖನ ಬರೆದರು. ಪೆಟ್ಟಿಗೆ, ಹಿಡಿ, ಚಕ್ರ, ಗುಂಡಿ, ವೈರು, ಬ್ಯಾಟರಿ ಎಲ್ಲ ಇತ್ತು. ಇನ್ನೂ ಒಂದಿತ್ತು ಕೇಳಿ... ಶತ್ರುಗಳು ನಮ್ಮ ಕಣ್ಣಿಗೆ ಬೇಕಂತಲೇ ಚಿತ್ರ ಬಿಡ್ತಾರೆ ಅನ್ನುವವರ ಮೆಷಿನ್ನು ಸಾಮಾನ್ಯವಾಗಿ ಸಿನಿಮಾ ಪ್ರೊಜೆಕ್ಟರ್ ಆಗಿರುತ್ತಿತ್ತಂತೆ! ನಾವು ಕಾಸು ಕೊಟ್ಟು ನೋಡುವ ಬೆಳಕು ಯಾರಿಗೋ ಚಿತ್ರಹಿಂಸೆ. ಆಮೇಲೆ ರೇಡಿಯೋ ಬಂತು, ಟೀವಿ ಬಂತು, ಉಪಗ್ರಹ, ಚಿಪ್ಪು, ಟವರು. ನಮ್ಮ ಹಳ್ಳಿಗಳಲ್ಲಿ ಇದೇ ಸಂಕಟ ಬಂದವನು "ದಾಯಾದಿಗಳು ಮಾಟ ಮಾಡಿಸಿದಾರೆ" ಅಂತಿದ್ದ. ಹೆದರಿಕೆ ಅದೇ, ವೇಷ ಮಾತ್ರ ಬೇರೆ.

1998ರಲ್ಲಿ ‘ದಿ ಟ್ರೂಮನ್ ಷೋ’ ಬಂತಲ್ಲ, ಜಿಮ್ ಕ್ಯಾರಿದು? ಅವನ ಇಡೀ ಬದುಕೇ ಗುಟ್ಟಾಗಿ ಟೀವಿಯಲ್ಲಿ ಬರ್ತಿರುತ್ತೆ, ಹೆಂಡತಿ, ಗೆಳೆಯ ಎಲ್ಲರೂ ಕೂಲಿ ನಟರು. ಕೆಲವು ವರ್ಷದ ನಂತರ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ಮನೋವೈದ್ಯ ಜೋಯಲ್ ಗೋಲ್ಡ್ ಅವರ ಹತ್ತಿರ ಒಬ್ಬೊಬ್ಬರೇ ಬರತೊಡಗಿದರು. ನನ್ನದೂ ಅದೇ ಕಥೆ, ಕ್ಯಾಮೆರಾ ಆಫ್ ಮಾಡಿಸಿ ಅಂತ. ಕೆಲವರು ಆ ಸಿನಿಮಾದ ಹೆಸರನ್ನೇ ಹೇಳಿದರು. ಗೋಲ್ಡ್ ಮತ್ತು ಅವರ ಸಹೋದರ ಇಯಾನ್ ಇದಕ್ಕೆ ‘ಟ್ರೂಮನ್ ಷೋ ಭ್ರಮೆ’ ಅಂತಲೇ ಹೆಸರಿಟ್ಟರು. ಸಿನಿಮಾ ನೋಡಿ ಕಾಯಿಲೆ ಬಂತು ಅಂತಲ್ಲ ಸ್ವಾಮೀ. ಬಂದ ಕಾಯಿಲೆ ಸಿನಿಮಾದಿಂದ ಕಥೆ ಸಾಲ ತಗೊಂಡಿತು.

ಈಗ ನಿಮ್ಮಲ್ಲೇ ಒಬ್ಬರು ಎದ್ದು ಕೇಳ್ತೀರಿ, ಗೊತ್ತು. "ಸರ್ಕಾರದೋರೇನು ಸಾಚಾನಾ? ಅಮೆರಿಕದೋರು ಮಾಡಿರಲಿಲ್ವಾ?"

ಮಾಡಿದ್ದರು. 1953ರಲ್ಲಿ ಅಮೆರಿಕದ ಸಿಐಎ ‘ಎಂಕೆಅಲ್ಟ್ರಾ’ ಅಂತ ಗುಪ್ತ ಯೋಜನೆ ಹಾಕಿ, ಮನುಷ್ಯನ ಮನಸ್ಸನ್ನು ಹಿಡಿತಕ್ಕೆ ತಗೊಳ್ಳೋ ದಾರಿ ಹುಡುಕಿತು. ಏನೂ ಅರಿಯದವರಿಗೆ ಎಲ್‌ಎಸ್‌ಡಿ ಕುಡಿಸಿದರು. ಫ್ರಾಂಕ್ ಓಲ್ಸನ್ ಎಂಬ ಅವರದೇ ವಿಜ್ಞಾನಿ ಹಾಗೆ ಕುಡಿದ ಒಂಬತ್ತು ದಿನಕ್ಕೆ ನ್ಯೂಯಾರ್ಕಿನ ಹೋಟೆಲಿನ ಕಿಟಕಿಯಿಂದ ಬಿದ್ದು ಸತ್ತ. 1973ರಲ್ಲಿ ಕಡತಗಳನ್ನು ನಾಶ ಮಾಡಿಸಿದರು. 1975ರಲ್ಲಿ ಗುಟ್ಟು ರಟ್ಟಾಯಿತು, 1977ರಲ್ಲಿ ಸೆನೆಟ್ ವಿಚಾರಣೆ ಆಯಿತು. ಪಾಪಿಗಳು, ಎರಡು ಮಾತಿಲ್ಲ. ಆದರೆ ಕೈಯಲ್ಲಿ ಸಿಕ್ಕಿದ್ದೇನು? ಜನರ ಬಾಳು ಹಾಳು ಮಾಡೋಕೆ ಬಂತೇ ಹೊರತು ಒಬ್ಬನನ್ನೂ ಗೊಂಬೆ ಥರ ಆಡಿಸೋಕೆ ಬರಲಿಲ್ಲ. 1962ರ ‘ದಿ ಮಂಚೂರಿಯನ್ ಕ್ಯಾಂಡಿಡೇಟ್’ನಲ್ಲಿ ಡೈಮನ್ ರಾಣಿ ಇಸ್ಪೀಟ್ ಎಲೆ ತೋರಿಸಿದರೆ ಸಾಕು, ಸೈನಿಕ ಹೇಳಿದ ಹಾಗೆ ಕೇಳ್ತಾನೆ. ಅದು ಪರದೆ ಮೇಲೆ ಮಾತ್ರ ಸಾಧ್ಯ ಆಗಿದ್ದು.

ಇನ್ನು ಬೀದಿಯವರೆಲ್ಲ ಪಾಳಿ ಹಾಕಿಕೊಂಡು ಹಿಂಬಾಲಿಸುವ ವಿಚಾರ. ಲೊರೇನ್ ಶೆರಿಡನ್, ಡೇವಿಡ್ ಜೇಮ್ಸ್ ಎಂಬಿಬ್ಬರು 2015ರಲ್ಲಿ ಇದನ್ನೇ ಅಧ್ಯಯನ ಮಾಡಿದರು. ಸಂಘಟಿತ ಗುಂಪು ನಮ್ಮ ಹಿಂದೆ ಬಿದ್ದಿದೆ ಎಂದವರು 128 ಜನ. ಅಷ್ಟೂ ಜನರ ದೂರು ಭ್ರಮೆಯದ್ದು ಅಂತ ತೀರ್ಮಾನ ಬಂತು. ಒಬ್ಬ ವ್ಯಕ್ತಿ ಹಿಂದೆ ಬಿದ್ದಿದ್ದಾನೆ ಎಂದವರಲ್ಲಿ ಭ್ರಮೆ ನೂರಕ್ಕೆ ನಾಲ್ಕರಷ್ಟೂ ಇರಲಿಲ್ಲ. (ಹುಡುಗಿಯೊಬ್ಬಳು "ಅವನು ದಿನಾ ಬಸ್‌ಸ್ಟ್ಯಾಂಡಿಂದ ಹಿಂದೆ ಬರ್ತಾನೆ" ಅಂದರೆ ದಯವಿಟ್ಟು ನಂಬಿ. ಅದು ಬೇರೆ ಕಥೆ.) ಆದರೆ ನನ್ನ ಎದೆಗೆ ನಾಟಿದ್ದು ಮುಂದಿನ ಸಾಲು. ಗುಂಪು ಅಂದವರ ನರಳಾಟ ನಿಜವಾಗಿ ಹಿಂಬಾಲಿಸಲ್ಪಟ್ಟವರಿಗಿಂತಲೂ ಹೆಚ್ಚಾಗಿತ್ತು. ಶತ್ರು ಸುಳ್ಳು, ಭಯ ಸುಳ್ಳಲ್ಲ.

ಸರಿ, ‘ಎ ಬ್ಯೂಟಿಫುಲ್ ಮೈಂಡ್’. 2001ರ ಚಿತ್ರ, ರಾನ್ ಹೋವರ್ಡ್ ನಿರ್ದೇಶನ, ನಾಲ್ಕು ಆಸ್ಕರ್. ಗಣಿತಜ್ಞ ಜಾನ್ ನ್ಯಾಶ್ ಆಗಿ ರಸೆಲ್ ಕ್ರೋ ಏನು ಮಾಡಿದಾನೆ ಅಂತೀರಿ! ಆದರೆ ಗೆಳೆಯ, ಅಣ್ಣನಿಗೆ ತೋರಿಸಬೇಡಿ. ಆ ಚಿತ್ರದಲ್ಲಿ ಸರ್ಕಾರದ ಗುಪ್ತ ಅಧಿಕಾರಿಯೊಬ್ಬ ಬರ್ತಾನೆ, ಎಡ್ ಹ್ಯಾರಿಸ್ ಪಾತ್ರ. ಅರ್ಧ ಸಿನಿಮಾದವರೆಗೆ ಅವನು ನಿಜ ಅಂತ ಇಡೀ ಥಿಯೇಟರೇ ನಂಬಿರುತ್ತೆ. ನಿಮ್ಮಣ್ಣ ಅದನ್ನು ನೋಡಿ, "ನೋಡಿದ್ಯಾ, ನನ್ನ ಕಥೆ ಇವರಿಗೆ ಹೇಗೆ ಗೊತ್ತಾಯ್ತು?" ಅಂದರೆ ನೀವೇನು ಹೇಳ್ತೀರಿ? ಅಲ್ಲದೆ ನಿಜವಾದ ನ್ಯಾಶ್‌ಗೆ ಇಲ್ಲದ ಮನುಷ್ಯರು ಕಾಣಿಸುತ್ತಿರಲಿಲ್ಲ, ದನಿಗಳು ಕೇಳಿಸುತ್ತಿದ್ದವು. ಪತ್ರಿಕೆಯ ಮುಖಪುಟದಲ್ಲಿ ತನಗೊಬ್ಬನಿಗೇ ಗುಪ್ತ ಸಂದೇಶವಿದೆ ಅಂತ, ಕೆಂಪು ಟೈ ಕಟ್ಟಿದವರೆಲ್ಲ ಒಂದೇ ಗುಂಪಿನವರು ಅಂತ ಅವರು ನಂಬಿದ್ದರು. ನಿಮ್ಮಣ್ಣನ ಕೆಂಪು ಬೈಕು ನೆನಪಾಯಿತು ನನಗೆ. ಜಗತ್ತೇ ಮೆಚ್ಚಿದ ಲೆಕ್ಕಿಗನಿಗೇ ಈ ಲೆಕ್ಕ ತಪ್ಪಿತು. ಬುದ್ಧಿವಂತಿಕೆಗೂ ಇದಕ್ಕೂ ಸಂಬಂಧವಿಲ್ಲ.

ಹಾಗೇ, ವಾದಕ್ಕೂ ಇಳಿಯಬೇಡಿ. ಒಬ್ಬನನ್ನು ಹಗಲು ರಾತ್ರಿ ಹಿಂಬಾಲಿಸೋಕೆ ಎಷ್ಟು ಜನ, ಎಷ್ಟು ಸಂಬಳ ಬೇಕು ಅಂತ ನೀವು ಲೆಕ್ಕ ಹಾಕಿ ಹೇಳಿದರೆ, ನೀವೂ ಆ ಗ್ಯಾಂಗಿಗೆ ಸೇರಿದವರಾಗ್ತೀರಿ ಅಷ್ಟೆ. "ಹೌದಣ್ಣ, ನಾನೂ ನೋಡಿದೆ" ಅಂತಲೂ ಹೇಳಬೇಡಿ. ನಗೋದಂತೂ ಬೇಡವೇ ಬೇಡ. ಅವನು ನಿದ್ದೆ ಮಾಡಿಲ್ಲ ಅನ್ನೋದು ಅವನಿಗೂ ಗೊತ್ತು, ನಿಮಗೂ ಗೊತ್ತು. ಅದನ್ನೇ ಹಿಡೀರಿ. "ನಿದ್ದೆ ಇಲ್ಲದೆ ಸೊರಗಿಹೋಗಿದ್ದೀಯ ಅಣ್ಣ, ಡಾಕ್ಟರ ಹತ್ರ ಹೋಗೋಣ, ನಾನೂ ಬರ್ತೀನಿ" ಅನ್ನಿ. ಗಾಂಜಾ ಸೇದ್ತಾನಾ ಅಂತ ತಿಳಕೊಳ್ಳಿ, ಡಾಕ್ಟರಿಗೆ ಮುಚ್ಚಿಡಬೇಡಿ. ಅದು ಈ ಬೆಂಕಿಗೆ ತುಪ್ಪ. ತನಗೋ ಇನ್ನೊಬ್ಬರಿಗೋ ಏನಾದರೂ ಮಾಡ್ತೀನಿ ಅಂದರೆ ಮಾತ್ರ ಒಂದು ದಿನವೂ ಕಾಯಬೇಡಿ.

14416ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ‘ಟೆಲಿ ಮಾನಸ್’ ಅದು, ಕಾಸಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ವರೆಗೂ ಬರಬೇಕೆಂದಿಲ್ಲ, ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಈ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ದೇಶದಲ್ಲಿ ಶುರುವಾಗುವ ಮೊದಲು ನಿಮ್ಹಾನ್ಸ್‌ನವರು ಅದನ್ನು ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿಯಲ್ಲಿ. ಮಾತ್ರೆಗೆ ಕೆಲವು ವಾರ ಹಿಡಿಯುತ್ತೆ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು.

ಅಣ್ಣ ಆಸ್ಪತ್ರೆಯಿಂದ ಬಂದ ಮೇಲೆ ಬೀದಿಯವರ ಕಾಟ ಶುರುವಾಗುತ್ತೆ, ಅದಕ್ಕೂ ಸಿದ್ಧರಾಗಿ. ಪುಟ್ಟಣ್ಣನವರ ‘ಶರಪಂಜರ’ ನೆನಪಿದೆಯಲ್ಲ? ತ್ರಿವೇಣಿಯವರ ಕಾದಂಬರಿ, ಕಲ್ಪನಾ ಅವರ ಕಾವೇರಿ. ಗುಣವಾಗಿ ಮನೆಗೆ ಬಂದವಳನ್ನು ಎಲ್ಲರೂ ಓರೆಗಣ್ಣಲ್ಲಿ ನೋಡಿ ನೋಡಿಯೇ ಮತ್ತೆ ಅಲ್ಲಿಗೇ ಕಳಿಸಿದರು. ಅತ್ತ ನ್ಯಾಶ್ ಕಥೆ ನೋಡಿ. ಹೆಂಡತಿ ಅಲೀಸಿಯಾ 1963ರಲ್ಲಿ ವಿಚ್ಛೇದನ ಪಡೆದಿದ್ದರೂ, 1970ರಲ್ಲಿ ಅವರನ್ನು ಮತ್ತೆ ತಮ್ಮ ಮನೆಗೆ ಕರೆದುಕೊಂಡು ಬಂದರು. ಅನ್ನ ಹಾಕಿದರು, ಸುಮ್ಮನೆ ಇರಲು ಬಿಟ್ಟರು. ವರ್ಷಗಟ್ಟಲೆ ಆದ ಮೇಲೆ ನಿಧಾನವಾಗಿ ಆ ದನಿಗಳು ಹಿಂದೆ ಸರಿದವು. 1994ರಲ್ಲಿ ನೊಬೆಲ್ ಬಂತು. 2001ರಲ್ಲಿ ಇಬ್ಬರೂ ಮತ್ತೆ ಮದುವೆಯಾದರು. 2015ರಲ್ಲಿ ಒಂದೇ ಟ್ಯಾಕ್ಸಿಯ ಅಪಘಾತದಲ್ಲಿ ಇಬ್ಬರೂ ಹೋದರು.

ಗೆಳೆಯ, ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ ಏನಾಯಿತು ಅಂತ ಒಂದು ಕಾರ್ಡ್ ಹಾಕಿ. ಅಚ್ಚು ಮಾಡೋದಿಲ್ಲ, ನನಗೆ ಗೊತ್ತಾಗಲಿ ಅಂತ ಅಷ್ಟೆ. ಉಳಿದವರ ಪ್ರಶ್ನೆಗಳಿಗೆ ಮುಂದಿನ ವಾರ ಉತ್ತರ. ಮದುವೆ ವಿಚಾರವೂ ಸೇರಿ!